ಫ್ರಿಜ್ಜಿನೊಳಗಿನ ಕೂಸು

ನಮ್ಮ ವೈನಿಗೆ ಎರಡು ಮಕ್ಕಳು. ಒಂದು ನಾಲ್ಕನೆಯ ತರಗತಿಗೆ ಹೋಗುತ್ತದೆ, ಇನ್ನೊಂದು ಫ್ರಿಜ್ಜಿನಲ್ಲಿದೆ. ದಯವಿಟ್ಟು ಯಾರೂ ಪೊಲೀಸರಿಗೆ ಫೋನ್ ಮಾಡಬೇಡಿ!

ಫ್ರಿಜ್ಜಿನಲ್ಲಿರುವುದು ನಾಲ್ಕು ಗಾಜಿನ ನಳಿಗೆ. ಒಂದೊಂದೂ ತೋರುಬೆರಳಿನಷ್ಟು ಉದ್ದ. ಒಳಗೆ ಗಂಜಿ ಗಟ್ಟಿಯಾದಂಥದ್ದು ಏನೋ ಇದೆ, ಅದರ ಮೇಲೆ ಕೆನೆಬಣ್ಣದ ಒಂದು ಗೀರು. ಆ ಗೀರೇ ಯೀಸ್ಟು. ಬೇಕರಿಯವರು ಬ್ರೆಡ್ಡು ಉಬ್ಬಿಸಲು ಹಾಕುತ್ತಾರಲ್ಲ, ಅದರದೇ ಕುಲ. ಆ ನಾಲ್ಕು ಗೀರುಗಳ ದೆಸೆಯಿಂದ, ಸಿದ್ದಾಪುರದ ಮೇ ತಿಂಗಳಲ್ಲಿ, ಫ್ರಿಜ್ಜು ಇದ್ದೂ ತಣ್ಣೀರು ಸಿಗದ ಮನೆ ನಮ್ಮದೊಂದೇ. ಫ್ರಿಜ್ಜಿನ ಬಾಗಿಲನ್ನು ದಿನಕ್ಕೆ ಎರಡೇ ಸಲ ತೆಗೆಯಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಮ್ಮ ಹನುಮಪ್ಪನ ಗುಡಿಯ ಬಾಗಿಲು ಕೂಡ ಇದಕ್ಕಿಂತ ಹೆಚ್ಚು ಸಲ ತೆಗೆಯುತ್ತದೆ! ನಾನು ಗಂಗಾವತಿಯ ಕಚೇರಿಯಲ್ಲಿ ಗುಮಾಸ್ತನಾಗಿ ಇಡೀ ದಿನ ಜನರ ಬೈಗುಳ ತಿಂದು, ಬಸ್ಸಿನಲ್ಲಿ ಬೆಂದು ಮನೆಗೆ ಬಂದು ಫ್ರಿಜ್ಜಿಗೆ ಕೈ ಹಾಕಿದರೆ ಒಳಗಿನಿಂದ ಧ್ವನಿ ಬರುತ್ತದೆ.

"ತಮ್ಮಾ, ಆರಕ್ಕ ಇನ್ನ ಹತ್ತು ನಿಮಿಷ ಐತಿ ನೋಡು."

ಫ್ರಿಜ್ಜಿನ ಒಳಗಿನಿಂದಲ್ಲ, ಅಡುಗೆಮನೆಯ ಒಳಗಿನಿಂದ. ಆದರೂ ನನಗೆ ಕೆಲವೊಮ್ಮೆ ಸಂಶಯ ಬರುತ್ತದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ತವರು ಕುಷ್ಟಗಿ ಕಡೆ. ಗಂಗಾವತಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಅಣ್ಣ ಭತ್ತದ ಗದ್ದೆ ಬಿಟ್ಟರೆ ಬೇರೆ ಲೋಕ ಅರಿಯದ ಮನುಷ್ಯ. ವೈನಿ ಎಂಟು ವರ್ಷದಿಂದ ಪಾಠವನ್ನೂ ಮಾಡುತ್ತ, ಸಂಸಾರವನ್ನೂ ಮಾಡುತ್ತ, ಪಿಎಚ್.ಡಿ.ಯನ್ನೂ ಮಾಡುತ್ತಿದ್ದಾರೆ. ಪಿಎಚ್.ಡಿ. ಯಾವುದರ ಮೇಲೆ? ಭತ್ತದ ಮೇಲೆ ಮಾಡಿದ್ದರೆ ಅಣ್ಣನಿಗಾದರೂ ಉಪಯೋಗವಾಗುತ್ತಿತ್ತು. ಮನುಷ್ಯನ ರೋಗದ ಮೇಲೆ ಮಾಡಿದ್ದರೆ ಅವ್ವನ ಮಂಡಿನೋವಿಗೆ ಒದಗುತ್ತಿತ್ತು. ಇವರು ಮಾಡಿದ್ದು ಯೀಸ್ಟಿನ ಮೇಲೆ. ಅದೂ ಇಡೀ ಯೀಸ್ಟಿನ ಮೇಲಲ್ಲ. ಅದರೊಳಗಿನ ಆರು ಸಾವಿರ ಚಿಲ್ಲರೆ ಜೀನುಗಳಲ್ಲಿ ಒಂದೇ ಒಂದರ ಮೇಲೆ! ಅದರ ಹೆಸರು ಸಿ.ಡಿ.ಸಿ. ಮೂವತ್ತೇಳು. ಹೆಸರಾದರೂ ಚಂದ ಇಡಬಾರದಿತ್ತೇ? ಬಸ್ಸಿನ ಸೀಟಿಗೂ ಇಂಥ ಹೆಸರಿಡುವುದಿಲ್ಲ.

"ಏನ ಮಾಡತೈತಿಬೇ ಅದು?" ಎಂದು ಅವ್ವ ಒಮ್ಮೆ ಕೇಳಿದ್ದಳು. ಕೇಳಬಾರದಿತ್ತು.

ವೈನಿ ಒಲೆ ಸಣ್ಣದು ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಕೂತರು. "ಅತ್ತೀ, ಜೀವದೊಳಗ ಪ್ರೋಟೀನು ಅಂತ ಇರ್ತಾವಲ್ರಿ, ಅವು ಹುಟ್ಟೂವಾಗ ಬರೇ ಉದ್ದಕ ದಾರದಂಗ ಇರ್ತಾವ. ಸೀರಿ ಅಂಗಡಿಯಿಂದ ತಂದಂಗ. ಬರೇ ಅರಬಿ ಅದು, ಉದ್ದನ ಬಟ್ಟಿ. ಮಡಿಕಿ ಬಿದ್ದು, ನಿರಿಗಿ ಕುಂತು, ಮೈಗೆ ಹತ್ತಿದ ಮ್ಯಾಲೆ ಸೀರಿ. ಮದುವ್ಯಾಗ ಮದುಮಗಳಿಗೆ ಸೀರಿ ಉಡಸೂವಾಗ ಒಬ್ಬಾಕಿ ಕಾಲಬುಡಕ ಕುಂತು ನಿರಿಗಿ ಹಿಡೀತಾಳಲ್ರಿ? ಈ ಜೀನು ಮಾಡೂ ಪ್ರೋಟೀನು ಆಕಿ ಇದ್ದಂಗ."

"ನಿರಿಗಿ ಹಿಡಿಯಾಕಿ!"

"ಹೂಂನ್ರಿ. ಒಳಗ ಸುದ್ದಿ ಮುಟ್ಟಸೂ ಪ್ರೋಟೀನು ಬ್ಯಾರೇನ ಇರ್ತಾವ. 'ಈಗ ಒಂದಿದ್ದದ್ದು ಎರಡಾಗು', 'ಈಗ ಜೋಡಿ ಹುಡುಕು' ಅಂತ ಹೇಳಾವು. ಅವು ಸರೀಗೆ ಮಡಿಕಿ ಬೀಳೂತನಾ ಇದು ಬಾಜೂಕ ನಿಂತು ಹಿಡಕೊಂಡಿರತೈತಿ. ಮುಗೀತಂದ್ರ ಬಿಟ್ಟು ಸರೀತೈತಿ. ಆಮ್ಯಾಲೆ ಫೋಟೋದಾಗ ಇರಂಗಿಲ್ಲ."

ಅವ್ವನಿಗೆ ಕೂಡಲೇ ತಿಳಿಯಿತು. ಓಣಿಯ ಎಷ್ಟೋ ಮದುವೆಗಳಲ್ಲಿ ನಿರಿಗೆ ಹಿಡಿದವಳು ಅವಳೇ. ಒಂದು ಫೋಟೋದಲ್ಲೂ ಅವಳಿಲ್ಲ. ಅಂದಿನಿಂದ ಅವ್ವ ಆ ಜೀನಿನ ಕಡೆಯವಳಾಗಿಬಿಟ್ಟಳು. ಮನೆಯಲ್ಲಿ ನನ್ನ ಪಕ್ಷದಲ್ಲಿದ್ದ ಒಂದೇ ಮತವೂ ಹೋಯಿತು.

ಇಷ್ಟೇ ಆಗಿದ್ದರೆ ನಾನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ನಮ್ಮ ಫ್ರಿಜ್ಜಿನಲ್ಲಿರುವ ಯೀಸ್ಟಿನಲ್ಲಿ ಆ ಜೀನು ಕೆಟ್ಟಿದೆ! ಜನ ಛಲೋ ಇರುವುದನ್ನು ಸಾಕುತ್ತಾರೆ. ಛಲೋ ಎಮ್ಮೆ, ಛಲೋ ಎತ್ತು, ಛಲೋ ಕೋಳಿ. ಕೆಟ್ಟದ್ದನ್ನು ಹುಡುಕಿ ತಂದು ತಣ್ಣಗಿಟ್ಟು ಸಾಕುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಇದನ್ನೇ ಕೇಳಿದೆ. ವೈನಿ ನಗುತ್ತ ಹೇಳಿದರು, "ತಮ್ಮಾ, ಮನ್ಯಾಗ ಯಾರು ಏನೇನ ಕೆಲಸ ಮಾಡ್ತಿದ್ರು ಅಂಬೋದು ಅವರು ನಾಕು ದಿನ ತವರಮನಿಗೆ ಹೋದಾಗ ಗೊತ್ತಾಗತೈತಿ."

ಈ ಕೆಟ್ಟ ಜೀನಿನ ಯೀಸ್ಟಿಗೆ ಸೊಕ್ಕು ಬೇರೆ. ಇಪ್ಪತ್ತೈದು ಡಿಗ್ರಿ ಇದ್ದರೆ ಹೇಗೋ ಸುಧಾರಿಸಿಕೊಂಡು ಹೋಗುತ್ತದೆ. ಮೂವತ್ತೇಳು ಮುಟ್ಟಿತೋ, ನಿರಿಗೆ ಎಲ್ಲ ಬಿಚ್ಚಿ, ಸುದ್ದಿ ಎಲ್ಲ ನಿಂತು, ಯೀಸ್ಟು ಬೆಳೆಯುವುದನ್ನೇ ಬಿಟ್ಟು ಕೂತುಬಿಡುತ್ತದೆ. ಎಷ್ಟೋ ದಿನ ಹಾಗೇ ಬಿಟ್ಟರೆ ಸಾಯುತ್ತದೆ. ಮೂವತ್ತೇಳಂತೆ! ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಮೂವತ್ತೇಳು ಎಂದರೆ ಜನ "ಇವತ್ತು ತಂಪೈತಿ" ಎಂದು ಹೊದ್ದುಕೊಂಡು ಮಲಗುತ್ತಾರೆ. ಲೋಕದಲ್ಲಿ ಇಷ್ಟು ಊರಿರುವಾಗ ಅದು ಬಂದು ಸೇರಿದ್ದು ನಮ್ಮ ಮನೆಯಲ್ಲಿ.

ಮನೆಗೆ ಯಾಕೆ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ನನ್ನ ಸಂಕಟ ತಿಳಿಯುವುದಿಲ್ಲ. ಇದು ಕೊಂಡು ತರಲು ಸಿಗುವ ಯೀಸ್ಟಲ್ಲ. ದೂರದ ಊರಿನ ಪ್ರಯೋಗಾಲಯದಲ್ಲಿ ವೈನಿ ಎರಡು ವರ್ಷದ ರಜೆಯನ್ನೆಲ್ಲ ಸುರಿದು ತಾವೇ ತಯಾರಿಸಿದ ತಳಿ. ಅಲ್ಲಿಯ ದೊಡ್ಡ ಫ್ರೀಜರ್ ಒಂದು ದಿನ ಕೆಟ್ಟು, ಎಲ್ಲ ಕರಗಿ ಹಾಳಾಯಿತು. ವೈನಿ ಪಾಠಕ್ಕೆಂದು ತಂದುಕೊಂಡಿದ್ದ ನಾಲ್ಕು ನಳಿಗೆ ಮಾತ್ರ ಉಳಿದವು. ಕಾಲೇಜಿನ ಫ್ರಿಜ್ಜು ರಜೆ ಬಂದರೆ ಬೀಗದ ಒಳಗೆ. ಹೀಗಾಗಿ ಅವಕ್ಕೆ ನಮ್ಮ ಮನೆಯ ಫ್ರಿಜ್ಜಿನ ನಡುವಿನ ಹಲಗೆ. ಜೂನ್ ತಿಂಗಳಲ್ಲಿ ವೈನಿ ಅದನ್ನು ಆ ಪ್ರಯೋಗಾಲಯಕ್ಕೆ ಒಯ್ದು ಕಡೆಯ ಪ್ರಯೋಗ ಮಾಡಬೇಕು. ಅದಾಗದಿದ್ದರೆ ನೋಂದಣಿಯ ಅವಧಿ ಮುಗಿಯುತ್ತದೆ, ಎಂಟು ವರ್ಷ ನೀರಿನಲ್ಲಿ ಹೋಮ. ಅಂದರೆ ನಮ್ಮ ಉಪ್ಪಿನಕಾಯಿಗೂ ಮಾವಿನಹಣ್ಣಿಗೂ ಮಧ್ಯೆ ಕೂತಿರುವ ಆ ನಾಲ್ಕು ಗೀರು ಜೂನ್‌ವರೆಗೆ ಬದುಕಬೇಕು. ಇದು ಮನೆಯ ಕಾನೂನು.

ಕಾನೂನು ಇದ್ದಲ್ಲಿ ಉಲ್ಲಂಘನೆಯೂ ಇರುತ್ತದೆ. ಒಮ್ಮೆ ವೈನಿ ವಿದ್ಯಾರ್ಥಿಗಳಿಗೆ ತೋರಿಸಲೆಂದು ಅದೇ ಯೀಸ್ಟನ್ನು ಸಣ್ಣ ಬಾಟಲಿಯೊಂದರಲ್ಲಿ ನೀರಾಗಿ ಬೆಳೆಸಿ ತಂದಿಟ್ಟಿದ್ದರು. ನೋಡಲು ಥೇಟ್ ಮಜ್ಜಿಗೆ. ಪಕ್ಕದ ಮನೆಯ ದೊಡ್ಡವ್ವ ಬಟ್ಟಲು ಹಿಡಿದುಕೊಂಡು ಬಂದಳು. "ಒಂಚೂರು ಹೆಪ್ಪು ಕೊಡವಾ, ನಮ್ದು ಬಿಸಲಿಗೆ ಹುಳಿ ಹಿಡದೈತಿ."

ನಮ್ಮ ಓಣಿಯಲ್ಲಿ ಹೆಪ್ಪು ಕೇಳಿ ಬಂದವರಿಗೆ ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಶತ್ರು ಬಂದರೂ ಕೊಡಬೇಕು. ಇವತ್ತು ನಮ್ಮ ಹೆಪ್ಪು ಕೆಟ್ಟರೆ ನಾಳೆ ಅವರ ಮನೆಯಿಂದ ನಮ್ಮದೇ ಹೆಪ್ಪು ತಿರುಗಿ ಬರುತ್ತದೆ. ಬಟ್ಟಲನ್ನೂ ಬರಿದು ಕಳಿಸುವಂತಿಲ್ಲ. ಅಂದು ಮನೆಯಲ್ಲಿ ಮೊಸರಿರಲಿಲ್ಲ. ಅವ್ವ ಹುಡುಕಿದಳು, ಬಾಟಲಿ ಸಿಕ್ಕಿತು, ಎರಡು ಚಮಚ ಹಾಕಿ ಕೊಟ್ಟಳು!

ಮರುದಿನ ಬೆಳಿಗ್ಗೆ ದೊಡ್ಡವ್ವ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಶುರುಮಾಡಿದಳು. "ಇದೆಂಥಾ ಹೆಪ್ಪಬೇ ನಿಮ್ದು? ಎರಡು ಲೀಟರ್ ಹಾಲು! ಇದ್ದಲ್ಲೆ ಹಂಗ ಕುಂತೈತಿ. ನಿಮ್ಮ ಹೆಪ್ಪು ಅದರಾಗ ಬಿದ್ದು ಈಜ್ಯಾಡಾಕತ್ತೈತೇನು?"

ಅವ್ವ ಬಾಟಲಿ ತೋರಿಸಿದಳು. ವೈನಿ ಬಾಟಲಿ ನೋಡಿದರು. ಯಾರೇ ಆದರೂ ಆ ಹೊತ್ತಿಗೆ ಏನು ಮಾಡುತ್ತಾರೆ? ಕ್ಷಮೆ ಕೇಳುತ್ತಾರೆ, ತಮ್ಮ ಮನೆಯ ಎರಡು ಲೀಟರ್ ಹಾಲು ಕೊಟ್ಟು ಕಳಿಸುತ್ತಾರೆ. ವೈನಿ ಬರಿಗಾಲಿನಲ್ಲಿ ದೊಡ್ಡವ್ವನ ಮನೆಗೆ ಓಡಿದರು. "ಆ ಹಾಲು ಎಲ್ಲೈತ್ರಿ? ಚೆಲ್ಲಬ್ಯಾಡ್ರಿ! ಯಾರೂ ಕುಡೀಬ್ಯಾಡ್ರಿ!" ಹಾಲಿನ ಬೋಗಾಣಿಯನ್ನು ಎದೆಗೆ ಅವಚಿಕೊಂಡು ತಂದು ಅಡುಗೆಮನೆಯಲ್ಲಿಟ್ಟು, ಬಗ್ಗಿ ನೋಡಿ, ಮೂಸಿ, ಮುಖ ಅರಳಿಸಿಕೊಂಡು ನಮ್ಮ ಕಡೆ ತಿರುಗಿದರು. "ನೋಡ್ರಿ ಅತ್ತೀ! ಈ ಯೀಸ್ಟಿಗೆ ಹಾಲಿನ್ಯಾಗಿನ ಸಕ್ಕರಿ ತಿನ್ನಾಕ ಬರಂಗಿಲ್ಲ ಅಂತ ಪುಸ್ತಕದಾಗ ಬರದಾರ. ಖರೇ ಐತಿ!"

ಪುಸ್ತಕದಲ್ಲಿ ಬರೆದದ್ದು ಖರೆಯೋ ಸುಳ್ಳೋ ನೋಡಲು ದೊಡ್ಡವ್ವನ ಎಮ್ಮೆಯ ಹಾಲೇ ಬೇಕಿತ್ತೇ? ಆಕೆ ಮೂರು ತಿಂಗಳು ನಮ್ಮ ಮನೆಯ ಕಡೆ ಮುಖ ಹಾಕಲಿಲ್ಲ.

ನೆರೆಮನೆಯ ಮಾತು ಬಿಡಿ, ಅದು ಇವತ್ತು ಮುನಿದು ನಾಳೆ ಕೂಡುತ್ತದೆ. ನನ್ನ ಮದುವೆಯ ಮಾತು ಹೇಳುತ್ತೇನೆ, ನೀವೇ ನ್ಯಾಯ ಮಾಡಿ. ಹೋದ ವರ್ಷ ಯಲಬುರ್ಗಾ ಕಡೆ ಕನ್ಯೆ ನೋಡಲು ಹೋಗಿದ್ದೆವು. ಹುಡುಗಿ ಛಲೋ ಇದ್ದಳು. ಅವಲಕ್ಕಿ ಛಲೋ ಇತ್ತು. ಹುಡುಗಿಯ ತಂದೆ ನನ್ನ ಕೆಲಸ ಕೇಳಿ ತಲೆಯಾಡಿಸಿದರು, ಅಣ್ಣನ ಗದ್ದೆ ಕೇಳಿ ಎರಡು ಸಲ ತಲೆಯಾಡಿಸಿದರು. ಆಮೇಲೆ ಗೌರವದಿಂದ ವೈನಿಯ ಕಡೆ ತಿರುಗಿದರು.

"ತಾವು ಏನೋ ದೊಡ್ಡ ಓದು ಓದಾಕತ್ತೀರಿ ಅಂತ ಕೇಳೇವ್ರಿ ಅಮ್ಮಾರ. ಯಾವುದರ ಮ್ಯಾಲ್ರಿ?"

ನಾನು ವೈನಿಯ ಕಡೆ ಕಣ್ಣಿನಲ್ಲೇ ಕೈ ಮುಗಿದೆ. ಅವರು ನೋಡಲಿಲ್ಲ. ಜೀನು ಎಂದರೆ ಹಿರಿಯರಿಗೆ ತಿಳಿಯಲಿಕ್ಕಿಲ್ಲ ಎಂದು ಶುದ್ಧ ಕನ್ನಡದಲ್ಲೇ ಹೇಳಿದರು.

"ವಂಶವಾಹಿ ಮ್ಯಾಲ್ರಿ. ನಮ್ಮ ಮನ್ಯಾಗ ಒಂದು ಕೆಟ್ಟ ವಂಶವಾಹಿ ಐತ್ರಿ. ಎಂಟು ವರ್ಷ ಆತು, ಅದರ ಹಿಂದನ ಬಿದ್ದೀನ್ರಿ. ತಂಪಿನ್ಯಾಗ ಇದ್ರ ಏನೂ ಗೊತ್ತಾಗಂಗಿಲ್ರಿ. ಸ್ವಲ್ಪ ಬಿಸಿ ಆತಂದ್ರ ಪೂರಾ ಕೈ ಕೊಡತೈತ್ರಿ."

ಹುಡುಗಿಯ ತಂದೆ ನಿಧಾನವಾಗಿ ನನ್ನ ಕಡೆ ನೋಡಿದರು. ಮೇಲಿನಿಂದ ಕೆಳಗಿನವರೆಗೆ ನೋಡಿದರು. ಸೆಕೆಗೆ ನನ್ನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. "ಬಿಸಿಗೆ ಕೈ ಕೊಡತೈತೇನ್ರಿ," ಎಂದು ತಮ್ಮಷ್ಟಕ್ಕೇ ಅಂದುಕೊಂಡು ಫ್ಯಾನಿನ ವೇಗ ಹೆಚ್ಚಿಸಿದರು. ವಾರದ ನಂತರ ಜಾತಕ ಕೂಡಿ ಬರಲಿಲ್ಲ ಎಂದು ಹೇಳಿಕಳಿಸಿದರು. ನಾವು ಜಾತಕವನ್ನೇ ಕೊಟ್ಟಿರಲಿಲ್ಲ!

ನಾನು ವೈನಿಯ ಜೊತೆ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಬಂದು, "ತಪ್ಪಾತು ತಮ್ಮಾ. ಮುಂದಿನ ಸಲ ನಾ ಬಾಯೇ ತೆಗೆಯಂಗಿಲ್ಲ," ಎಂದರು. ಬಾಯಿ ತೆಗೆಯದೆ ಹೇಗೆ ಇರುತ್ತಾರೆ? ಯಾವ ಮಾತು ಎತ್ತಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ. ಅಣ್ಣ ಗದ್ದೆಯ ಕಾಲುವೆಗೆ ನೀರು ಬಂದ ಸುದ್ದಿ ತಡವಾಗಿ ತಿಳಿಯಿತು ಎಂದರೆ, "ಸುದ್ದಿ ಮುಟ್ಟಸಾವ ಸರೀಗೆ ಮಡಿಕಿ ಬಿದ್ದಿಲ್ಲ," ಎನ್ನುತ್ತಾರೆ. ಕಾಲುವೆಗೆ ನೀರು ಬಿಡುವ ನೀರುಗಂಟಿಯ ಎದುರಿಗೇ ಹಾಗೆನ್ನುತ್ತಾರೆ!

ಇವರ ಈ ಸ್ವಭಾವ ನನಗೆ ಹೊಸದೇನೂ ಅಲ್ಲ. ಇವರು ನಮ್ಮ ಮನೆಗೆ ಸೊಸೆಯಾಗಿ ಬಂದ ವರ್ಷವೇ ನಾನು ಪಿಯುಸಿಯಲ್ಲಿ ನಪಾಸಾಗಿದ್ದೆ. ಓದು ಸಾಕು, ಭತ್ತ ಕೊಯ್ಯುವ ಯಂತ್ರದವರ ಹಿಂದೆ ತಮಿಳುನಾಡಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಕುಣಿಯುತ್ತಿದ್ದೆ. ಎಂ.ಎಸ್ಸಿ. ಓದಿದ ವೈನಿ ಬಂದಿದ್ದಾರೆ, ಪಾಠ ಹೇಳಿಕೊಡುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಒಂದಕ್ಷರ ಹೇಳಿಕೊಡಲಿಲ್ಲ! ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ನನ್ನ ಎದುರಿಗೆ ಅಕ್ಕಿಯ ಮೊರ ಹಿಡಿದು ಕೂರುತ್ತಿದ್ದರು. "ನೀ ಓದು. ನಾ ಇಲ್ಲೆ ಕುಂತಿರ್ತೀನಿ," ಅಷ್ಟೇ. ನಾನು ಏಳಬೇಕೆಂದರೆ ಎದುರಿಗೆ ಹೊಸ ಸೊಸೆ ಕೂತಿದ್ದಾರೆ, ಹೇಗೆ ಏಳಲಿ? ಸಿಟ್ಟು ಬಂದು ಒಂದು ದಿನ ಮೊರದಲ್ಲಿ ಇಣುಕಿದೆ. ಅದೇ ಅಕ್ಕಿ. ನಿನ್ನೆ ಆರಿಸಿದ್ದು, ಮೊನ್ನೆ ಆರಿಸಿದ್ದು. ಒಂದು ಕಲ್ಲಿಲ್ಲ, ಒಂದು ನೆಲ್ಲಿಲ್ಲ. ಇಂಥ ನಾಟಕ ಎರಡು ವರ್ಷ ನಡೆಯಿತು. ಎರಡನೆಯ ಸಲ ಇಂಗ್ಲಿಷಿನಲ್ಲಿ ಮೂರು ಅಂಕಕ್ಕೆ ಹೋಯಿತು, ಮೂರನೆಯ ಸಲ ಪಾಸಾದೆ. ಪಾಸಾದ ದಿನ ವೈನಿ ಮೊರ ಎತ್ತಿಟ್ಟರು, ಆಮೇಲೆ ಎಂದೂ ನನ್ನ ಎದುರಿಗೆ ಹಾಗೆ ಕೂರಲಿಲ್ಲ.

ಇರಲಿ. ಈ ಮೇ ತಿಂಗಳಿಗೆ ಬರುತ್ತೇನೆ.

ಪರೀಕ್ಷೆಯ ಪೇಪರ್ ತಿದ್ದಲು ವೈನಿ ಐದು ದಿನ ಬೇರೆ ಊರಿಗೆ ಹೋಗಬೇಕಾಯಿತು. ಹೋಗುವ ಮುಂಚೆ ಫ್ರಿಜ್ಜಿನ ಮುಂದೆ ನಿಂತು ನನಗೆ ಮಾಡಿದ ಉಪದೇಶವನ್ನು ಮಗಳಿಗೂ ಮಾಡಲಿಲ್ಲ. ಎರಡನೆಯ ದಿನ ಸಂಜೆ ಬಿರುಗಾಳಿ ಎದ್ದಿತು. ಮಳೆ ನಾಲ್ಕು ಹನಿ, ಗಾಳಿ ನಲವತ್ತು ಹಳ್ಳಿಗೆ ಆಗುವಷ್ಟು. ಸುತ್ತಲಿನ ಕರೆಂಟಿನ ಕಂಬಗಳೆಲ್ಲ ಗದ್ದೆಯಲ್ಲಿ ಮಲಗಿದವು, ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ರಿಪೇರಿಗೆ ಮೂರು ದಿನ ಬೇಕು ಎಂದರು.

ನಾನು ವೈನಿಗೆ ಫೋನ್ ಮಾಡಿದೆ. ಕರೆಂಟು ಎಷ್ಟು ಹೊತ್ತಿಗೆ ಹೋಯಿತು, ಬಾಗಿಲು ಎಷ್ಟು ಸಲ ತೆಗೆದೆ ಎಂದು ಎರಡೆರಡು ಸಲ ಕೇಳಿದರು. ಆಮೇಲೆ ಸಣ್ಣ ಧ್ವನಿ. "ತಮ್ಮಾ, ಇಪ್ಪತ್ತೈದು. ಭಾಳ ಅಂದ್ರ ಮೂವತ್ತು. ಮೂವತ್ತೇಳಕ್ಕ ಹೋದ್ರ ಮುಗೀತು."

"ಸಾಯ್ತಾವೇನ್ರಿ?"

"ಸಾಯ್ತಾವ. ಇಲ್ಲಾಂದ್ರ ಬದುಕ್ತಾವ."

"ಬದುಕಿದ್ರ ಛಲೋ ಆತಲ್ರಿ!"

"ಬದುಕಿದ್ರ ಇನ್ನೂ ಕೆಟ್ಟ. ಬಿಸಲಿಗೆ ಹೊಂದಿಕೊಂಡು ಬದುಕಿದಾವು ನನ್ನವಲ್ಲ ತಮ್ಮಾ. ಅವು ಬದಲಿ ಆಗಿರ್ತಾವ."

ಸತ್ತರೂ ತಪ್ಪು, ಬದುಕಿದರೂ ತಪ್ಪು! ಇಂಥ ಪ್ರಾಣಿಯನ್ನು ನಾನು ಕಾಯಬೇಕು! ಗಂಗಾವತಿಗೆ ಒಯ್ಯಲೇ ಎಂದೆ. ಬೈಕಿನಲ್ಲಿ ಮುಟ್ಟುವಷ್ಟರಲ್ಲಿ ಬೆಂದು ಹೋಗುತ್ತವೆ ಎಂದರು. ಐಸು ಮಾರುವವನ ಬಳಿ ಓಡಿದೆ. ಅವನ ಐಸೂ ನೀರಾಗಿ ಅದರಲ್ಲಿ ಅವನು ಕಾಲಿಟ್ಟುಕೊಂಡು ಕೂತಿದ್ದ. ಮರುದಿನ ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜು ಬರೀ ಬೀರುವಾಗಿತ್ತು. ವೈನಿಯ ತಾಪಮಾಪಕ ಒಳಗಿಟ್ಟು ನೋಡಿದೆ. ಮೂವತ್ತೊಂದು.

ಆಗ ಎದ್ದವಳು ನಮ್ಮ ಅವ್ವ. ಮಂಡಿನೋವಿನ ಅವ್ವ! ಹಿತ್ತಲಲ್ಲಿ ಬೋರಲು ಹಾಕಿದ್ದ ಹೊಸ ಮಣ್ಣಿನ ಹರವಿ ತರಿಸಿದಳು. ಬೇವಿನ ಮರದ ಬುಡದಲ್ಲಿ ಮರಳು ಹರಡಿ, ನೀರು ಸುರಿದು, ಅದರ ಮೇಲೆ ಹರವಿ ಕೂರಿಸಿ, ಸುತ್ತ ತೊಯ್ದ ಗೋಣಿಚೀಲ ಸುತ್ತಿಸಿದಳು. "ನಿಮ್ಮ ಫ್ರಿಜ್ಜು ಬರೂಕಿಂತ ಮೊದಲ ನಾವೇನ ಬೆಂದು ಸತ್ತಿದ್ದೇವೇನೋ?" ಎಂದು ನನ್ನನ್ನೇ ಗದರಿಸಿದಳು. ಒಳಗೆ ತಾಪಮಾಪಕ ಇಳಿಬಿಟ್ಟೆ. ಒಂದು ತಾಸಿಗೆ ಇಪ್ಪತ್ತಾರು! ನಾನು ಜೀವಮಾನದಲ್ಲಿ ಯಾವ ಅಂಕವನ್ನೂ ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

ನಾಲ್ಕೂ ನಳಿಗೆಯನ್ನು ಅದರೊಳಗೆ ಇಡಲು ಹೋದರೆ ಅವ್ವ ಕೈ ತಡೆದಳು.

"ಎಲ್ಲಾ ಒಂದ ಕಡೆ ಇಡತಿಯೇನು? ಹೆಪ್ಪು ಯಾರರ ಒಂದ ಮನ್ಯಾಗ ಇಡತಾರೇನು? ಇವತ್ತ ನಮ್ಮದು ಕೆಟ್ರ ನಾಳಿಗೆ ಯಾರ ಮನಿಗೆ ಬಟ್ಟಲ ಹಿಡಕೊಂಡು ಹೋಗ್ತಿ?"

ಅವ್ವ ಒಂದನ್ನು ನಮ್ಮ ಮನೆಯಲ್ಲಿಟ್ಟಳು. ಉಳಿದ ಮೂರನ್ನು ಮೂರು ಬಟ್ಟಲಲ್ಲಿ ಹಾಕಿ, ನನ್ನನ್ನು ಮುಂದೆ ಮಾಡಿಕೊಂಡು ಓಣಿಗೆ ಇಳಿದಳು. ಓಣಿಯ ಇಬ್ಬರು ಹೆಣ್ಣುಮಕ್ಕಳು ಏನು, ಎತ್ತ ಎಂದು ಕೇಳದೆ ಇಸಿದುಕೊಂಡರು. ಮೂರನೆಯದಕ್ಕೆ ದೊಡ್ಡವ್ವನ ಬಾಗಿಲು. ನಾನು ಗೋಡೆಯ ಮರೆಗೆ ನಿಂತೆ.

"ಯವ್ವಾ, ನಮ್ಮ ಸೊಸಿ ಹೆಪ್ಪು ಕೆಡೂ ಹೊತ್ತು ಬಂದೈತಿ. ಮೂರು ದಿನ ನಿನ್ನ ಹರವ್ಯಾಗ ಇಟಗೋ," ಎಂದಳು ಅವ್ವ.

ದೊಡ್ಡವ್ವ ನಳಿಗೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಇದ ಅಲ್ಲೇನು ನನ್ನ ಎರಡು ಲೀಟರ್ ಹಾಲು ಕೆಡಿಸಿದ್ದು?"

"ಅದ."

"ಆಕಿ ಎಂಟು ವರ್ಷದ ಓದು ಇದರಾಗ ಐತೇನು?"

"ಇದರಾಗ ಐತಿ."

"ಕೊಡಿಲ್ಲೆ," ಎಂದು ಬಟ್ಟಲು ಕಿತ್ತುಕೊಂಡು ಒಳಗೆ ಹೋದಳು.

ಮುಂದಿನ ಮೂರು ದಿನ ನನ್ನ ಪಾಡು ಶತ್ರುವಿಗೂ ಬೇಡ. ತಾಪಮಾಪಕ ಒಂದೇ, ಹರವಿ ನಾಲ್ಕು. ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ತಾಸಿಗೊಮ್ಮೆ ನಾಲ್ಕು ಮನೆ ಸುತ್ತಿ, ಗೋಣಿಚೀಲಕ್ಕೆ ನೀರು ಚಿಮುಕಿಸಿ, ಅಂಕಿ ಬರೆದುಕೊಂಡು, ವೈನಿಗೆ ಫೋನ್ ಮಾಡಿ ಹೇಳುತ್ತಿದ್ದೆ. ಕಚೇರಿಗೆ ರಜೆ ಹಾಕಿದೆ. ರಜೆಗೆ ಕಾರಣ ಬರೆಯಬೇಕಲ್ಲ? ಯೀಸ್ಟಿಗೆ ಸೆಕೆಯಾಗಿದೆ ಎಂದು ಬರೆದರೆ ಸಾಹೇಬರು ಏನೆನ್ನುತ್ತಾರೆ? ಎಲ್ಲರೂ ಬರೆಯುವುದನ್ನೇ ಬರೆದೆ: ಕೌಟುಂಬಿಕ ಕಾರಣ.

ವೈನಿ ಬಂದ ದಿನ ಚಪ್ಪಲಿ ಬಿಡುವ ಮುಂಚೆಯೇ ನಳಿಗೆ ಕೇಳಿದರು. ಮೂರು ಕೊಟ್ಟೆ. ನಾಲ್ಕನೆಯದನ್ನು ದೊಡ್ಡವ್ವ ತಾನೇ ತಂದಳು. ಬಟ್ಟಲು ಬರಿದು ಕೊಡಬಾರದೆಂದು ಬೆಲ್ಲದ ಮೇಲೆ ನಳಿಗೆಯನ್ನು ಮಲಗಿಸಿ ತಂದಿದ್ದಳು. "ತಗೋವಾ. ಈ ಸಲ ಹಾಲಿಗೆ ಹಾಕಿಲ್ಲ," ಎಂದಳು. ವೈನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದರು.

ಕಾಲೇಜಿನ ಬೀಗ ತೆಗೆಸಿ ವೈನಿ ನಾಲ್ಕನ್ನೂ ಪರೀಕ್ಷೆ ಮಾಡಿದರು. ತಂಪಿನಲ್ಲಿ ಬೆಳೆಯಬೇಕು, ಮೂವತ್ತೇಳರಲ್ಲಿ ಬೆಳೆಯಬಾರದು. ಹಾಗಿದ್ದರೆ ಅದು ಅಸಲಿ. ಒಂದು ಮನೆಯದು ಸತ್ತಿತ್ತು. ಇನ್ನೊಂದಕ್ಕೆ ಹಸಿರು ಬೂಸಲು ಬಂದಿತ್ತು. ಒಂದು ಮೂವತ್ತೇಳರಲ್ಲಿ ಹುಲುಸಾಗಿ ಬೆಳೆದು ಪೂರಾ ಬದಲಿಯಾಗಿತ್ತು. ಅದು ಯಾರ ಮನೆಯದು ಎಂದು ಕೇಳಬೇಡಿ. ಕಡೆಯ ದಿನ ಮಧ್ಯಾಹ್ನ ನಾನು ಊಟ ಮಾಡಿ ಅರ್ಧ ಗಂಟೆ ಕಣ್ಣು ಮುಚ್ಚಿದ್ದೆ ಎಂದುಕೊಂಡಿದ್ದೆ. ಅರ್ಧ ಗಂಟೆಯಲ್ಲ, ಮೂರು ತಾಸು ಎಂದು ಅವ್ವ ಸಾಕ್ಷಿ ಹೇಳಿದಳು. ಎದ್ದಾಗ ನೆರಳು ಸರಿದು ಹರವಿ ಬಿಸಿಲಲ್ಲಿತ್ತು. ಮೂರು ತಾಸಿಗೆ ಇಷ್ಟು ಬೇಗ ಕುಲಗೆಡುವುದೇ? ಮೊದಲೇ ಕೆಟ್ಟಿರಬೇಕು ಎಂಬುದು ಇಂದಿಗೂ ನನ್ನ ವಾದ. ಎಂಟು ವರ್ಷದ ಓದು ಉಳಿದದ್ದು ದೊಡ್ಡವ್ವನ ಹರವಿಯಲ್ಲಿ. ಒಂದೇ ಒಂದು ನಳಿಗೆ, ಚೂರೂ ಬದಲಾಗದೆ, ಮೊದಲಿನಷ್ಟೇ ಕೆಟ್ಟದ್ದಾಗಿ!

ಒಂದು ಉಳಿದರೆ ಸಾಕು, ಅದರಿಂದ ನೂರು ಮಾಡಬಹುದಂತೆ. ಆದರೆ ಅದಕ್ಕೆ ದಿನ ಬೇಕು, ದಿನಕ್ಕೆ ಅರ್ಜಿ ಬೇಕು. ಅವಧಿಯನ್ನು ಮೂರು ತಿಂಗಳು ಮುಂದೂಡಲು ನಮೂನೆ ತುಂಬಬೇಕು. ಅರ್ಜಿ ಬರೆಯುವುದು ಇಪ್ಪತ್ತನಾಲ್ಕು ಗಂಟೆ ನನ್ನ ಕಸುಬು. ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತೆ. ವೈನಿ ತಮ್ಮ ಹಳೆಯ ಕಾಗದಗಳ ಕಡತವನ್ನು ನನ್ನ ಮುಂದಿಟ್ಟು ಒಳಗೆ ಹೋದರು.

ನಮೂನೆಯಲ್ಲಿ ಒಂದು ಅಂಕಣವಿತ್ತು. ಈ ಹಿಂದೆ ಎಲ್ಲಾದರೂ ಸಂಶೋಧನೆಗೆ ಆಯ್ಕೆಯಾಗಿ ಸೇರದಿದ್ದಲ್ಲಿ ಕಾರಣ ತಿಳಿಸಿ. ಇದು ನಮಗೆ ಅನ್ವಯಿಸುವುದಿಲ್ಲ ಎಂದುಕೊಂಡೆ. ಕಡತದಲ್ಲಿ ಒಂದು ಹಳದಿಗಟ್ಟಿದ ಪತ್ರ ಸಿಕ್ಕಿತು. ಬಹಳ ದೊಡ್ಡ ಪ್ರಯೋಗಾಲಯದ್ದು. ತಿಂಗಳ ವೇತನ ಕೊಟ್ಟು, ಇರಲು ಕೋಣೆ ಕೊಟ್ಟು ಓದಿಸುವಂಥದ್ದು. ಬಂದು ಸೇರದ ಕಾರಣ ನಿಮ್ಮ ಆಯ್ಕೆ ರದ್ದಾಗಿದೆ ಎಂದು ಬರೆದಿದ್ದರು. ಜೊತೆಗೆ ಆ ಪ್ರಯೋಗಾಲಯಕ್ಕೆ ವೈನಿ ಬರೆದಿದ್ದ ಪತ್ರದ ನಕಲು: ಕೌಟುಂಬಿಕ ಕಾರಣದಿಂದ ಸದ್ಯ ಬರಲಾಗುವುದಿಲ್ಲ.

ಗುಮಾಸ್ತನಿಗೆ ಸಿಟ್ಟು ಬಂತು. ಕೌಟುಂಬಿಕ ಕಾರಣ ಎಂದರೆ ಏನು? ವಿವರ ಬೇಡವೇ? "ವೈನಿ, ಹಿಂಗ ಬರದ್ರ ನಡೆಯಂಗಿಲ್ರಿ! ಯಾವ ಕಾರಣ ಅಂತ ಕೇಳ್ತಾರ!" ಎಂದು ಕೂಗಿದೆ.

"ಅಷ್ಟ ಸಾಕ ಬಿಡೋ," ಎಂದು ಒಳಗಿನಿಂದ ಧ್ವನಿ ಬಂತು.

ಆಮೇಲೆ ವೈನಿ ಬರೆದ ಪತ್ರದ ದಿನಾಂಕ ನೋಡಿದೆ. ಅಂದಿಗೆ ನಾನು ಪಿಯುಸಿ ನಪಾಸಾದ ಫಲಿತಾಂಶ ಬಂದು ಎಂಟು ದಿನ ಆಗಿತ್ತು.

ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಪತ್ರ ನನ್ನ ಕೈಯಲ್ಲಿತ್ತು. ವೈನಿ ಅದನ್ನು ನೋಡಿದರು, ನನ್ನನ್ನು ನೋಡಿದರು, ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು.

"ಯಾರ ಕೇಳಿದ್ದರ್ರಿ ನಿಮಗ?" ಎಂದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಇಷ್ಟು ವರ್ಷ ಇವರ ಮೇಲೆ ಬಂದ ಸಿಟ್ಟೆಲ್ಲ ಸುಳ್ಳು, ಖರೇ ಸಿಟ್ಟು ಇದೇ. "ನಾ ತಮಿಳುನಾಡಿಗೆ ಹೋಗಿದ್ರ ಹೋಗ್ತಿದ್ದೆ! ನೀವು ಹೋಗಬೇಕಿತ್ತಲ್ರಿ!"

"ನೀ ಒಬ್ಬನ ಕುಂತ್ರ ಓದ್ತಿದ್ದಿಲ್ಲಲ್ಲೋ ತಮ್ಮಾ," ಎಂದರು ವೈನಿ, ರೊಟ್ಟಿಯ ಮೇಲಿನಿಂದ ಕಣ್ಣೆತ್ತದೆ. "ಅವತ್ತ ಬಿಟ್ಟು ಹೋಗಿದ್ರ ನೀ ಬ್ಯಾರೇನ ಆಗಿರ್ತಿದ್ದಿ."

ಪಡಸಾಲೆಗೆ ಬಂದು ಅಂಕಣದಲ್ಲಿ ಕೌಟುಂಬಿಕ ಕಾರಣ ಎಂದೇ ಟೈಪು ಮಾಡಿದೆ. ಅಕ್ಷರ ಮಂಜಾಗಿ ಕಾಣುತ್ತಿದ್ದವು, ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಯಿತು.

ಮೂರು ತಿಂಗಳು ಸಿಕ್ಕಿತು. ಪ್ರಯೋಗ ಮುಗಿಸಿ ಬಂದ ವೈನಿ ಈಗ ಪ್ರಬಂಧ ಬರೆಯಲು ಕೂತಿದ್ದಾರೆ. ಬರೆಯಲು ಕೂತವರು ಹತ್ತು ನಿಮಿಷಕ್ಕೊಮ್ಮೆ ಏಳುತ್ತಾರೆ. ಒಲೆಯ ಮೇಲೆ ಹಾಲು, ಮಗಳ ಜಡೆ, ಅಣ್ಣನ ಬುತ್ತಿ. ನಿನ್ನೆ ಬೆಳಿಗ್ಗೆ ನಾನು ಅಡುಗೆಮನೆಗೆ ಹೋಗಿ ಮೊರ ತಂದೆ, ಡಬ್ಬಿಯಿಂದ ಎರಡು ಸೇರು ಅಕ್ಕಿ ಸುರಿದುಕೊಂಡೆ, ಅವರ ಎದುರಿಗೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತೆ.

"ಇದೇನೋ ತಮ್ಮಾ?"

"ನೀವು ಬರೀರಿ ವೈನಿ. ನಾ ಇಲ್ಲೆ ಕುಂತಿರ್ತೀನಿ."

ವೈನಿ ಮೊರದಲ್ಲಿ ಇಣುಕಿದರು. ಆಮೇಲೆ ತಲೆ ತಗ್ಗಿಸಿ ಬರೆಯತೊಡಗಿದರು. ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ. ಮಧ್ಯಾಹ್ನದವರೆಗೆ ಆರಿಸಿದೆ.